ನೀಲಿ ಫೋನು, ಕರಿ ಫೋನು

ಸೂಸಾ ಊರಿಗೆ ಮಾರಿದ್ದ ರತ್ನಗಂಬಳಿ ವಾಪಸ್ ಬಂದ ದಿನ ನನ್ನಕ್ಕ ಹೇದಿಯಾ ಮಧ್ಯಾಹ್ನ ಊಟಕ್ಕೆ ಕೂರಲಿಲ್ಲ. ಹಿಂದಿನ ತಿಂಗಳು ಸ್ಫಾಕ್ಸ್‌ನಿಂದ ಒಂದು ಹೀಗೇ ವಾಪಸ್ ಬಂದಿತ್ತು. ಇದು ಎರಡನೆಯದು. ಗಿರಾಕಿಯ ಹೆಸರು ನಜೀಹಾ. ಅವಳು ಫೋನಿಗೆ ಮಾತಾಡಿ ಕಳಿಸಿದ್ದನ್ನು ಅಕ್ಕನ ಸೊಸೆ ರೀಮ್ ಹಾಕಿ ಕೇಳಿಸಿದಳು.

"ಚಿತ್ರದಲ್ಲಿ ದಾಳಿಂಬೆ ಕಾಳಿನ ಥರ ಕೆಂಪಗಿತ್ತು. ಬಂದಿದ್ದು ನೋಡಿದ್ರೆ ಇಟ್ಟಿಗೆ ಪುಡಿ ಬಣ್ಣ. ನನ್ನ ಏನಂದ್ಕೊಂಡಿದೀರ ನೀವು?"

ಅಕ್ಕ ಫೋನನ್ನು ಬಾಯಿಯ ಹತ್ತಿರ ಹಿಡಿದು ತಿರುಗಿಸಿ ಕೊಟ್ಟಳು. "ಮಗಳ ಮದುವೆಗೆ ಹಾಸಿ, ಎಂಟು ದಿನ ಮೆರೆದು, ಆಮೇಲೆ ಬಣ್ಣ ಸರಿಯಿಲ್ಲ ಅಂತ ವಾಪಸ್ ಕಳಿಸೋರನ್ನ ನಾನು ಬೇಕಾದಷ್ಟು ನೋಡಿದೀನಮ್ಮಾ!" ಅಂದಳು. ನಜೀಹಾಳಿಗೆ ಮಗಳಿದ್ದಾಳೋ ಇಲ್ಲವೋ ನಮಗೆ ಗೊತ್ತಿರಲಿಲ್ಲ.

ಕೈರವಾನಿನ ನಮ್ಮ ಮನೆಯಲ್ಲಿ ನಾವಿಬ್ಬರು ಅಕ್ಕತಂಗಿಯರು ಒಂದೇ ಮಗ್ಗದ ಮುಂದೆ ಕೂತು ಮೂವತ್ತು ವರ್ಷವಾಗಿದೆ. ಅಕ್ಕ ಉಣ್ಣೆಗೆ ಬಣ್ಣ ಹಾಕುತ್ತಾಳೆ, ನಾನು ನೂಲು ಸುತ್ತುತ್ತೇನೆ, ಗಂಟು ಇಬ್ಬರೂ ಹಾಕುತ್ತೇವೆ. ಮೊದಲೆಲ್ಲ ದಲ್ಲಾಳಿ ಬಂದು ಒಯ್ಯುತ್ತಿದ್ದ. ಈಗ ನಾಲ್ಕು ವರ್ಷದಿಂದ ರೀಮ್ ಫೋನಿನಲ್ಲಿ ಚಿತ್ರ ಹಾಕಿ ಮಾರುತ್ತಾಳೆ. ಅವಳ ಗಂಡ ನೆಜೀಬ್ ಲಾರಿ ಓಡಿಸುವವನು, ಮನೆ ಸೇರುವುದು ವಾರಕ್ಕೊಮ್ಮೆ. ಅಕ್ಕನಿಗೂ ನನಗೂ ಅಕ್ಷರ ಬಾರದು, ಅಂಕಿ ಮಾತ್ರ ಚೆನ್ನಾಗಿ ಬರುತ್ತದೆ. ಹಾಗಾಗಿ ಗಿರಾಕಿಗಳಿಗೆ ಏನು ಬರೆಯುತ್ತಾಳೆ, ಅವರೇನು ಬರೆಯುತ್ತಾರೆ ಎಂಬುದೆಲ್ಲ ರೀಮ್ ಹೇಳಿದಷ್ಟೇ ನಮಗೆ ತಿಳಿಯುತ್ತಿತ್ತು.

"ಅತ್ತೆ, ತಪ್ಪು ಆ ಹೆಂಗಸಿಂದೂ ಅಲ್ಲ, ನಿಮ್ಮ ಬಣ್ಣದ್ದೂ ಅಲ್ಲ," ಅಂದಳು ರೀಮ್. "ಈ ಹಳೇ ಫೋನಿಂದು. ನೋಡಿ, ಗಾಜು ಬಿರುಕು ಬಿಟ್ಟಿದೆ, ಮಬ್ಬಾಗಿದೆ. ಇದ್ರಲ್ಲಿ ತೆಗೆದ ಚಿತ್ರ ಹೇಗೆ ಸರಿ ಬರುತ್ತೆ? ಹೊಸದೊಂದು ತಗೊಳ್ಳೋಣ."

"ಓಹೋ!" ಅಂದಳು ಅಕ್ಕ. ಆ 'ಓಹೋ' ನನಗೆ ಚೆನ್ನಾಗಿ ಗೊತ್ತು. ನಮ್ಮಮ್ಮ ತೀರಿಕೊಂಡಾಗ ವೈದ್ಯರು ಹೇಳಿದ್ದಕ್ಕೂ ಅಕ್ಕ ನಂಬದೆ ಹೀಗೇ ಅಂದಿದ್ದಳು.

ಅಲ್ಲಿಂದ ಎರಡು ವಾರ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ರೀಮ್ ಎರಡು ಫೋನು ಆರಿಸಿಟ್ಟಿದ್ದಳು. ಒಂದು ನೀಲಿ, ಒಂಬೈನೂರು ದಿನಾರ್. ಇನ್ನೊಂದು ಕರಿ, ಎಂಟುನೂರ ನಲವತ್ತು. ಎರಡರ ವಿವರವನ್ನೂ ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆದು ತಂದಳು. ಅಕ್ಕ ಅದನ್ನು ಮಗ್ಗದ ಕಂಬಕ್ಕೆ ಸಿಕ್ಕಿಸಿ, ಗಂಟು ಹಾಕುತ್ತಾ ಹಾಕುತ್ತಾ ಓರೆಗಣ್ಣಿನಿಂದ ನೋಡುತ್ತಿದ್ದಳು.

"ಮೊಂಜಿಯಾ, ಈ ಅಂಕಿ ನೋಡೇ. ಕ್ಯಾಮೆರಾ ಅಂತೆ, ಕರಿಗೆ ಅರವತ್ನಾಲ್ಕು, ನೀಲಿಗೆ ಐವತ್ತು. ಹೆಚ್ಚಿರೋದು ಅಗ್ಗ, ಕಮ್ಮಿ ಇರೋದು ತುಟ್ಟಿ. ಎಲ್ಲಾದ್ರೂ ಉಂಟಾ?"

"ಅಂಕಿ ದೊಡ್ಡದಿದ್ರೆ ಚಿತ್ರ ಚೆನ್ನಾಗಿ ಬರುತ್ತೆ ಅಂತೇನಿಲ್ಲ ಅತ್ತೆ," ಅಂದಳು ರೀಮ್ ಅಡುಗೆಮನೆಯಿಂದ.

"ಹಾಗಾದ್ರೆ ಅಂಕಿ ಯಾಕೆ ಬರೀತಾರೆ?"

ಬ್ಯಾಟರಿಯ ಅಂಕಿ ಎರಡಕ್ಕೂ ಒಂದೇ ಇತ್ತು. ಅಕ್ಕನಿಗೆ ಅದೂ ಅನುಮಾನವೇ. "ಬೇರೆ ಬೇರೆ ಕಂಪನಿಯವರು, ಅದು ಹೇಗೆ ಇಬ್ಬರದ್ದೂ ಅಚ್ಚುಕಟ್ಟಾಗಿ ಐದು ಸಾವಿರ? ಒಬ್ಬ ಇನ್ನೊಬ್ಬನ್ನ ನೋಡ್ಕೊಂಡು ಬರೆದಿದ್ದಾನೆ."

ಅದಕ್ಕಿಂತ ಹೆಚ್ಚು ಅವಳನ್ನು ಕೊರೆಯುತ್ತಿದ್ದದ್ದು ರೀಮಳ ಹಟ. ಏನು ಕೇಳಿದರೂ ಆ ಹುಡುಗಿ ನೀಲಿಯ ಕಡೆಗೇ ವಾಲುತ್ತಿದ್ದಳು. ಹಾಗಂತ ಅದು ಯಾಕೆ ಒಳ್ಳೆಯದು ಎಂದು ಒಂದು ಸಲವೂ ನೆಟ್ಟಗೆ ಹೇಳಲಿಲ್ಲ. "ನನಗೆ ಗೊತ್ತು ಅತ್ತೆ, ನಂಬಿ," ಅನ್ನುತ್ತಿದ್ದಳು. ಅಕ್ಕನ ಹತ್ತಿರ ಆಡಬಾರದ ಮಾತು ಅದೊಂದೇ.

ಕೊನೆಗೊಂದು ದಿನ ಮೂವರೂ ಬಾಬ್ ತುನಿಸ್ ಊರಬಾಗಿಲಿನ ಹತ್ತಿರದ ಅನೀಸನ ಫೋನಿನ ಅಂಗಡಿಗೆ ಹೋದೆವು. ಅನೀಸ್ ನಮ್ಮನ್ನು ಕಂಡದ್ದೇ, "ಬಾ ರೀಮ್, ಬನ್ನಿ ಅಮ್ಮಾ," ಅಂದ. ಅಕ್ಕ ನನ್ನ ತೋಳು ಚಿವುಟಿದಳು. "ಹೆಸರು ಹಿಡಿದು ಕರೀತಾನೆ ನೋಡು."

"ಇಬ್ರೂ ಒಂದೇ ಶಾಲೆಯಲ್ಲಿ ಓದಿದೋರಲ್ವೇನೇ," ಅಂದೆ ನಾನು.

"ಶಾಲೆ ಬಿಟ್ಟು ಹತ್ತು ವರ್ಷ ಆಯ್ತು. ಇನ್ನೂ ಹೆಸರು ನೆನಪಿಟ್ಕೊಂಡಿದ್ದಾನೆ ಅಂದ್ರೆ ಇವಳು ಗಿರಾಕಿ ಕರ್ಕೊಂಡು ಬಂದ್ರೆ ಅವನೇನೋ ಕೊಡ್ತಾನೆ."

ಅನೀಸ್ ಎರಡು ಡಬ್ಬಿ ತಂದಿಟ್ಟ. ಅಕ್ಕ ಸಂತೆಯಲ್ಲಿ ಕಲ್ಲಂಗಡಿ ನೋಡುವ ಹಾಗೆ ಅವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅಂಟಿಸಿದ ಕಾಗದದ ಅಂಚನ್ನು ಉಗುರಿನಿಂದ ಮುಟ್ಟಿದಳು, ಮೂಸಿಯೂ ನೋಡಿದಳು.

"ಏನಪ್ಪಾ, ಇದನ್ನ ಒಂದ್ಸಲ ಬಿಚ್ಚಿ ಮತ್ತೆ ಅಂಟಿಸಿದ್ದೀಯ?"

"ಅಯ್ಯೋ ಅಮ್ಮಾ, ಕಂಪನಿಯಿಂದ ಬಂದ ಹಾಗೇ ಇದೆ!"

"ನನ್ನ ಗಂಡನೂ ಅವನ ಮನೆಯಿಂದ ಬಂದ ಹಾಗೇ ಇದ್ದಾನೆ ಅಂದಿದ್ರು," ಅಂದಳು ಅಕ್ಕ. ಅನೀಸ್ ನಗು ತಡೆಯಲು ಬೇರೆ ಕಡೆ ತಿರುಗಿದ.

ನೋಡಲೆಂದು ಇಟ್ಟಿದ್ದ ಫೋನುಗಳನ್ನು ಅವನು ಹೊರಗೆ ತೆಗೆದ. ಅಕ್ಕ ಚೀಲದಿಂದ ಮೂರು ಲಡಿ ನೂಲು ತೆಗೆದು ಮೇಜಿನ ಗಾಜಿನ ಮೇಲಿಟ್ಟಳು. ಒಂದು ಮಂಜಿಷ್ಠ ಬೇರಿನ ಕೆಂಪು, ಒಂದು ದಾಳಿಂಬೆ ಸಿಪ್ಪೆಯ ಹಳದಿ, ಒಂದು ಬಣ್ಣ ಹಾಕದ ಕುರಿಯ ಕಂದು. ಎರಡರಲ್ಲೂ ಚಿತ್ರ ತೆಗೆಸಿದಳು. ಕರಿ ಫೋನಿನ ಚಿತ್ರ ಲಡಿಯ ಹಾಗೇ ಇತ್ತು, ಚೂರು ಸಪ್ಪೆ ಎನ್ನಬಹುದು. ನೀಲಿಯದು ಎಂಥಾ ಚಂದ! ಆ ಕೆಂಪು ಈಗಷ್ಟೇ ಬಣ್ಣದ ಹಂಡೆಯಿಂದ ಎತ್ತಿದ ಹಾಗೆ ಹೊಳೆಯುತ್ತಿತ್ತು. ನಾನು ಬಾಯಿಬಿಟ್ಟು "ಇದೇ ಇರಲಿ ಕಣೇ," ಅಂದುಬಿಟ್ಟೆ.

ಅಕ್ಕ ಲಡಿಯನ್ನೂ ಚಿತ್ರವನ್ನೂ ಬಹಳ ಹೊತ್ತು ನೋಡಿದಳು. "ಇದು ನನ್ನ ಬಣ್ಣ ಅಲ್ಲ."

"ಅತ್ತೆ, ಚೆನ್ನಾಗಿ ಕಾಣ್ತಿದೆಯಲ್ಲ!"

"ಚೆನ್ನಾಗಿದೆ. ನನ್ನದಲ್ಲ." ಲಡಿಗಳನ್ನು ಚೀಲಕ್ಕೆ ಹಾಕಿಕೊಂಡಳು. "ನಾಳೆ ಬರ್ತೀನಪ್ಪಾ. ಗಂಬಳೀನೇ ತರ್ತೀನಿ."

ವಾಪಸ್ ಬರುವಾಗ ರೀಮ್ ಮುಖ ಸಪ್ಪಗೆ ಮಾಡಿಕೊಂಡು ಮುಂದೆ ಮುಂದೆ ನಡೆದಳು. ಅಕ್ಕ ನನ್ನ ಕಿವಿಯಲ್ಲಿ, "ಮುಖ ನೋಡಿದ್ಯಾ? ಸಿಗೋದು ಕೈತಪ್ಪಿತಲ್ಲ," ಅಂದಳು. ನನಗೂ ಹಾಗೇ ಅನ್ನಿಸಿತು ಎಂದು ಈಗ ಹೇಳಲು ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಸೂಸಾದಿಂದ ಬಂದ ಗಂಬಳಿಯನ್ನು ಸುರುಳಿ ಸುತ್ತಿ, ಮುಂದೆ ಅಕ್ಕ, ಹಿಂದೆ ನಾನು ಹೆಗಲ ಮೇಲೆ ಹೊತ್ತು ಹೊರಟೆವು. ರೀಮ್ ತಲೆನೋವು ಎಂದಳು. "ಫೋನ್ ನಿನ್ನ ಕೈಲಿದೆ, ನೀನಿಲ್ದೆ ಆಗಲ್ಲ, ನಡಿ," ಅಂದಳು ಅಕ್ಕ. ಅಂಗಡಿಯ ಮುಂದೆ ಬಿಸಿಲು ಬಿದ್ದ ಜಗಲಿಯ ಮೇಲೆ ಗಂಬಳಿ ಹಾಸಿದೆವು. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ನಿಂತು ಬೆಲೆ ಕೇಳಿದ. "ಮಾರೋಕಲ್ಲ, ಸಾಕ್ಷಿ ಹೇಳೋಕೆ ಬಂದಿದೆ," ಎಂದು ಅಕ್ಕ ಅವನನ್ನು ಸಾಗಹಾಕಿದಳು.

ಅನೀಸ್ ಎರಡೂ ಫೋನಿನಲ್ಲಿ ಗಂಬಳಿಯ ಚಿತ್ರ ತೆಗೆದ. ನಿನ್ನೆಯ ಹಾಗೇ ಬಂತು. ಕರಿಯಲ್ಲಿ ಇದ್ದ ಹಾಗೆ, ನೀಲಿಯಲ್ಲಿ ಒಂದು ಪಾಲು ಹೆಚ್ಚು ಕೆಂಪು.

"ಈಗ ಆ ಸೂಸಾದವಳಿಗೆ ಕಳಿಸಿದ್ದ ಚಿತ್ರ ಈ ಎರಡರಲ್ಲೂ ತೋರಿಸು," ಅಂದಳು ಅಕ್ಕ ರೀಮಳಿಗೆ.

"ಅದ್ಯಾಕೆ ಅತ್ತೆ? ಅದು ಹಳೇ ಫೋನಿಂದು."

"ಹಳೇ ಫೋನು ಎಷ್ಟು ಕೆಟ್ಟಿದೆ ಅಂತ ನನಗೂ ಗೊತ್ತಾಗಲಿ."

ರೀಮ್ ಹಳೇ ಫೋನನ್ನು ಹೊರಗೆ ತೆಗೆದಳು, ಕೊಡಲಿಲ್ಲ. ಅನೀಸನೇ ಅದನ್ನು ಈಸಿಕೊಂಡು ಚಿತ್ರವನ್ನು ಎರಡಕ್ಕೂ ಕಳಿಸಿದ. ಎರಡು ಪರದೆಯ ಮೇಲೂ ಒಂದೇ ಗಂಬಳಿ, ದಾಳಿಂಬೆ ಕೆಂಪಾಗಿ ಉರಿಯುತ್ತಿತ್ತು. ನೀಲಿ ಫೋನು ಈಗ ತೆಗೆದ ಚಿತ್ರಕ್ಕಿಂತಲೂ ಕೆಂಪು. ಮನೆಯಲ್ಲಿ ಆ ಬಿರುಕು ಗಾಜಿನ ಮಬ್ಬಿನಲ್ಲಿ ನಾವು ನೋಡಿದಾಗ ಹಾಗೆ ಕಂಡಿರಲೇ ಇಲ್ಲ.

ಅಕ್ಕ ಬಾಗಿ ನೋಡಿದಳು. ಚಿತ್ರದಲ್ಲಿ ಗಂಬಳಿಯ ಮೂಲೆ ಹಿಡಿದಿದ್ದವಳು ನಾನು. ನನ್ನ ಕೈ ಮಾತ್ರ ಕಾಣುತ್ತಿತ್ತು, ಮಣಿಕಟ್ಟಿನವರೆಗೆ.

"ಮೊಂಜಿಯಾ, ನೀನ್ಯಾವಾಗ ಮದರಂಗಿ ಹಚ್ಚಿದ್ದೆ?"

ಗಂಡ ಹೋದ ಮೇಲೆ ನಾನು ಮದರಂಗಿ ಮುಟ್ಟಿಲ್ಲ. ಚಿತ್ರದಲ್ಲಿ ನನ್ನ ಬೆರಳುಗಳು ಮದುಮಗಳ ಬೆರಳಿನ ಹಾಗೆ ಕೆಂಪಗಿದ್ದವು. ಹಿಂದಿನ ಸುಣ್ಣದ ಗೋಡೆಯೂ ಗುಲಾಬಿ.

ಅನೀಸನಿಗೆ ಏನೂ ತಿಳಿಯದು ಪಾಪ. "ಇದಕ್ಕೆ ತೆಗೆದ ಮೇಲೆ ಬಣ್ಣ ಏರಿಸಿದ್ದಾರೆ ಅಮ್ಮಾ. ಫೋನಿಂದೇನೂ ತಪ್ಪಿಲ್ಲ," ಎಂದುಬಿಟ್ಟ. ಆಮೇಲೆ ರೀಮಳ ಮುಖ ನೋಡಿ ಒಳಗೆ ಹೋದ.

ಅಕ್ಕ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಮಂಡಿಯೂರಿ ಗಂಬಳಿ ಸುತ್ತತೊಡಗಿದಳು. ಸುತ್ತಿ ಮುಗಿಸಿ, "ಹಿಡ್ಕೊ," ಅಂದಳು ನನಗೆ.

ಮನೆಯಲ್ಲಿ ಎಲ್ಲರೂ ಟೊಮೆಟೊದಲ್ಲಿ ಮೊಟ್ಟೆ ಬೇಯಿಸಿದ ಚಕ್‌ಶೂಕಾದ ತಟ್ಟೆಯ ಸುತ್ತ ಕೂತೆವು. ಯಾರೂ ರೊಟ್ಟಿ ಮುರಿಯಲಿಲ್ಲ. ಕೊನೆಗೆ ರೀಮಳೇ ಬಾಯಿಬಿಟ್ಟಳು.

"ಹನ್ನೊಂದು ದಿನ ಅತ್ತೆ. ಆ ಗಂಬಳಿ ಚಿತ್ರ ಇದ್ದ ಹಾಗೇ ಹಾಕಿದ್ದೆ, ಹನ್ನೊಂದು ದಿನ ಒಬ್ರೂ ಕೇಳಲಿಲ್ಲ. ನೀವು ದಿನಾ ಸಂಜೆ 'ಯಾರಾದ್ರೂ ಕೇಳಿದ್ರಾ?' ಅಂತಿದ್ರಿ. ಏನಂತ ಹೇಳ್ಲಿ? ಒಂದು ಚೂರು ಬಣ್ಣ ಏರಿಸ್ದೆ. ಅವತ್ತೇ ಮೂರು ಜನ ಕೇಳಿದ್ರು."

"ಸ್ಫಾಕ್ಸ್‌ದು?"

"ಅದೂ."

"ನೀಲಿ ಫೋನೇ ಬೇಕು ಅಂತ ಕುಣೀತಿದ್ದಿದ್ದು ಅದಕ್ಕಾ? ಅದು ತಾನಾಗೇ ಬಣ್ಣ ಹಾಕುತ್ತೆ ಅಂತ?"

ರೀಮ್ ತಲೆ ತಗ್ಗಿಸಿದಳು. "ಫೋನೇ ಮಾಡಿದ್ರೆ ನಾನು ಸುಳ್ಳು ಹೇಳ್ದಂಗಾಗಲ್ಲ ಅಂದ್ಕೊಂಡೆ."

ಅಕ್ಕ ಎದ್ದು ಮಗ್ಗದ ಕೋಣೆಗೆ ಹೋದಳು. ನಾನು ಹಿಂದೆಯೇ ಹೋದೆ. ಅವಳು ಕಂಬದಿಂದ ಆ ಹಾಳೆ ಕಿತ್ತು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

"ಸುಳ್ಳು ಹೇಳಿದ್ದಕ್ಕಲ್ಲ ಕಣೇ ನನಗೆ," ಅಂದಳು. "ಹನ್ನೊಂದು ದಿನ ನನ್ನ ಬಣ್ಣ ಯಾರಿಗೂ ಬೇಕಾಗಲಿಲ್ಲವಲ್ಲ. ಆ ಮಾತು ನನಗೆ ಹೇಳೋಕೆ ಇವಳಿಗೆ ಭಯ ಆಯ್ತಲ್ಲ."

ಇಬ್ಬರೂ ಕೂತು ಎರಡು ಸಾಲು ಗಂಟು ಹಾಕಿದೆವು. ಆಮೇಲೆ ಅಕ್ಕ ರೀಮಳನ್ನು ಕರೆದು, "ಆ ಸೂಸಾದವಳಿಗೆ ಫೋನ್ ಹಚ್ಚು," ಅಂದಳು.

ನಜೀಹಾ ಮೊದಲು ಎತ್ತಲಿಲ್ಲ, ಎರಡನೇ ಸಲ ಎತ್ತಿದಳು. ಅಕ್ಕ ಗಂಟಲು ಸರಿಮಾಡಿಕೊಂಡಳು.

"ನೋಡಮ್ಮಾ, ನಾನು ಹೇದಿಯಾ. ಚಿತ್ರ ಸುಳ್ಳಿತ್ತು. ನಮ್ಮ ಮನೆಯಲ್ಲೇ ಆದ ತಪ್ಪು. ಮದುವೆ ಅದು ಇದು ಅಂತ ಅಂದೆನಲ್ಲ, ಅದನ್ನ ಮನಸ್ಸಿಗೆ ಹಚ್ಕೋಬೇಡ."

"ನನಗೆ ಮಕ್ಕಳಿಲ್ಲ," ಅಂದಳು ನಜೀಹಾ. ಆಮೇಲೆ ಮೆತ್ತಗೆ, "ಕೆಲಸ ಗಟ್ಟಿಯಾಗಿತ್ತು. ಅದನ್ನ ಇಲ್ಲ ಅನ್ನಲ್ಲ. ಬಣ್ಣ ನನಗೆ ಹಿಡಿಸಲಿಲ್ಲ, ಅಷ್ಟೆ," ಎಂದು ಇಟ್ಟಳು. ಅಕ್ಕನ ಮುಖ ಮಗ್ಗದ ಕಡೆಗಿತ್ತು, ನನಗೆ ಕಾಣಿಸಲಿಲ್ಲ.

ಮೂರನೇ ದಿನ ಮತ್ತೆ ಅಂಗಡಿಗೆ ಹೋದಾಗ ರೀಮಳೇ ಕರಿ ಫೋನನ್ನು ಮುಂದೆ ತಳ್ಳಿದಳು. "ಇದು ಅತ್ತೆ. ಇದು ಇದ್ದಿದ್ದನ್ನ ಇದ್ದ ಹಾಗೆ ತೋರಿಸುತ್ತೆ. ಅರವತ್ತು ದಿನಾರ್ ಉಳಿಯುತ್ತೆ ಬೇರೆ."

ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಈಗ ಕರಿ ಬೇಕಾ? ಇದ್ರಲ್ಲೇನು ಮರ್ಮ?"

"ಮರ್ಮ ಏನಿಲ್ಲ ಅತ್ತೆ, ದೇವರಾಣೆ!"

"ಅನೀಸ್, ನಿಜ ಹೇಳಪ್ಪಾ, ಇವಳಿಗೇನಾದ್ರೂ ಕೊಡ್ತೀನಂದಿದ್ಯಾ?"

ಅನೀಸ್ ತಲೆ ಕೆರೆದುಕೊಂಡ. "ಗಿರಾಕಿ ಕರ್ಕೊಂಡು ಬಂದೋರಿಗೆ ಎಲ್ರಿಗೂ ಹಾಡು ಕೇಳೋಕೆ ಕಿವಿಗೆ ಹಾಕ್ಕೊಳ್ಳೋದೊಂದು ಕೊಡ್ತೀನಿ ಅಮ್ಮಾ. ಯಾವ ಫೋನ್ ತಗೊಂಡ್ರೂ ಅದೇ."

"ಹೇಳಿರಲಿಲ್ವಾ ನಾನು!" ಎಂದು ಅಕ್ಕ ನನ್ನ ಕಡೆ ತಿರುಗಿದಳು. ಎರಡು ವಾರದಲ್ಲಿ ಅವಳ ಮುಖ ಅರಳಿದ್ದು ಆಗಲೇ. ಒಂದು ಅನುಮಾನವಾದರೂ ನಿಜವಾಯಿತಲ್ಲ. ಕರಿ ಫೋನು ತಗೊಂಡಳು, ಡಬ್ಬಿಯನ್ನು ತನ್ನ ಕೈಯಾರೆ ಬಿಚ್ಚಿದಳು. ಕಿವಿಯದನ್ನು ರೀಮ್ ಬೇಡವೆಂದಳು. "ತಗೋ, ಸುಮ್ನೆ ಯಾಕೆ ಬಿಡ್ತೀಯ?" ಎಂದು ಅಕ್ಕನೇ ಅವಳ ಚೀಲಕ್ಕೆ ತುರುಕಿದಳು.

ಅಂದಿನಿಂದ ಚಿತ್ರ ತೆಗೆಯುವಾಗ ಅಕ್ಕ ರೀಮಳ ಬೆನ್ನ ಹಿಂದೆ ನಿಲ್ಲುತ್ತಾಳೆ. ಚಿತ್ರದ ಪಕ್ಕದಲ್ಲಿ ಲಡಿ ಹಿಡಿದು, ಸರಿ ಎಂದ ಮೇಲೆಯೇ ಹಾಕಬೇಕು. ಕೇಳುವವರು ಕಡಿಮೆಯಾದರು, ಅದು ನಿಜ. ಒಂದು ತಿಂಗಳು ಯಾರೂ ಇಲ್ಲ. ಸಂಜೆ ರೀಮ್ ತಾನಾಗಿಯೇ ಬಂದು, "ಇವತ್ತೂ ಇಲ್ಲ ಅತ್ತೆ," ಎಂದು ಹೇಳುತ್ತಿದ್ದಳು. ಅಕ್ಕ "ಸರಿ" ಎನ್ನುತ್ತಿದ್ದಳು. ಆ ತಿಂಗಳು ದಲ್ಲಾಳಿಗೆ ಎರಡು ಸಣ್ಣ ಗಂಬಳಿ ಕೊಟ್ಟು ಮನೆ ನಡೆಸಿದೆವು.

ಆಮೇಲೆ ಬಿಜರ್ತಾದಿಂದ ಒಬ್ಬಳು ದೊಡ್ಡದೊಂದನ್ನು ತರಿಸಿಕೊಂಡಳು. ವಾರ ಕಳೆಯಿತು, ವಾಪಸ್ ಬರಲಿಲ್ಲ. ಹತ್ತನೇ ದಿನ ಅವಳು ಮಾತಾಡಿ ಕಳಿಸಿದ್ದು ಫೋನಿಗೆ ಬಂತು. ಬಣ್ಣ ಕಣ್ಣಿಗೆ ತಂಪಾಗಿದೆಯಂತೆ, ಚಿತ್ರದಲ್ಲಿ ಹೇಗಿತ್ತೋ ಹಾಗೇ ಇದೆಯಂತೆ, ಅವಳ ಅತ್ತೆ ಅದರ ಮೇಲಿಂದ ಏಳುವುದೇ ಇಲ್ಲವಂತೆ.

ಅಕ್ಕ ಅದನ್ನು ಮೂರು ಸಲ ಹಾಕಿಸಿ ಕೇಳಿದಳು. ಮೂರನೇ ಸಲ ಮುಗಿದಾಗ ಹುಬ್ಬು ಗಂಟಿಕ್ಕಿಕೊಂಡು ನಮ್ಮಿಬ್ಬರನ್ನೂ ನೋಡಿದಳು.

"ಇಷ್ಟೊಂದು ಯಾಕೆ ಹೊಗಳ್ತಾಳೆ ಇವಳು? ಮುಂದಿನ ಸಲ ಬೆಲೆ ಇಳಿಸು ಅಂತ ಕೇಳೋಕಿರಬೇಕು," ಅಂದಳು. ಹಾಗಂದು, ಇನ್ನೊಂದು ಸಲ ಹಾಕು ಎಂದಳು.