ಆರನೇ ಬೋರ್ಡು

ನಮ್ಮ ಸಾಲಿನ ನಲವತ್ತು ಹೊಲಿಗೆ ಮಷಿನ್ನಿಗೆ ಒಂದೇ ಮರದ ಬಿಲ್ಲೆ. ಅದು ಕೈಯಲ್ಲಿದ್ದವಳು ಮಾತ್ರ ಶೌಚಕ್ಕೆ ಹೋಗಬಹುದು. ಉಳಿದವರು ಹಲ್ಲು ಕಚ್ಚಿಕೊಂಡು ಹೊಲಿಯಬೇಕು.

ವಿಶ್ವಸಂಸ್ಥೆಯ ಹದಿನೇಳು ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ನಮ್ಮ ಫ್ಯಾಕ್ಟರಿ ಹೇಗೆ ಪಾಲಿಸುತ್ತಿದೆಯೆಂದು ನೋಡಲು ಅಂದು ದೊಡ್ಡ ಮೇಡಂ ಒಬ್ಬರು ಬರುವವರಿದ್ದರು. ಹದಿನೇಳು ಹೆಂಗಸರ ಕೈಗೆ ಒಂದೊಂದು ಗುರಿಯ ಬೋರ್ಡು ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದರು. ನನ್ನ ಪಾಲಿಗೆ ಬಂದದ್ದು ಆರನೆಯದು: ‘ಎಲ್ಲರಿಗೂ ಶುದ್ಧ ನೀರು, ಶೌಚಾಲಯ’.

ಎರಡು ಗಂಟೆ ಕಳೆದರೂ ಮೇಡಂ ಪತ್ತೆಯಿಲ್ಲ. ನನಗೆ ತಡೆದುಕೊಳ್ಳಲು ಆಗಲಿಲ್ಲ.

“ಸರ್, ಒಂದೈದು ನಿಮಿಷ ಹೋಗ್ಬರ್ತೀನಿ,” ಎಂದು ಸೂಪರ್‌ವೈಸರನ್ನು ಬೇಡಿಕೊಂಡೆ.

“ಬೋರ್ಡ್ ಯಾರು ಹಿಡ್ಕೊಳ್ತಾರೆ, ನಿಮ್ಮಪ್ಪನಾ? ಸುಮ್ನೆ ನಿಂತ್ಕೋ!”

ಕೊನೆಗೂ ಮೇಡಂ ಬಂದರು. ನನ್ನ ಬೋರ್ಡು ಓದಿ, “ಇದ್ರಿಂದ ನಿಮಗೇನು ಅನುಕೂಲ ಆಗಿದೆಯಮ್ಮಾ?” ಎಂದು ಕೇಳಿದರು.

“ಸ್ವಲ್ಪ ಹಿಡ್ಕೊಂಡಿರಿ ಮೇಡಂ, ಹೋಗಿ ಬಂದು ಹೇಳ್ತೀನಿ,” ಎಂದು ಬೋರ್ಡನ್ನು ಅವರ ಕೈಗಿಟ್ಟು ಓಡಿದೆ.

ಸಂಜೆಯೇ ನನ್ನನ್ನು ಕೆಲಸದಿಂದ ತೆಗೆದರು. ಮೇಡಂ ಆ ಬೋರ್ಡು ಹಿಡಿದು ನಗುತ್ತಿರುವ ಫೋಟೋ ಈಗ ಫ್ಯಾಕ್ಟರಿ ಗೋಡೆಯ ಮೇಲಿದೆಯಂತೆ. ನನ್ನ ಮಷಿನ್ನಿನ ಮುಂದೆ ಬೇರೆಯವಳು ಕೂತಿದ್ದಾಳಂತೆ.

ಬಿಲ್ಲೆ ಮಾತ್ರ ಇನ್ನೂ ಒಂದೇ.