ಚಿಕ್ಕಮಾರಮ್ಮ ಕೇಳಿದ ಮಾತು

ಬಟವಾಡಿಯ ಬಾಡಿಗೆ ಮನೆಯಲ್ಲಿ ಚಿಕ್ಕಮಾರಮ್ಮ ಗಂಜಿಯ ಲೋಟ ಹಿಡಿದು ಅರ್ಧ ಗಂಟೆಯಿಂದ ಕೂತಿದ್ದರು. ಅಣ್ಣನ ಮಗಳು ಆಶಾರಾಣಿ ಬಾಯಿ ತೆರೆಯಲಿಲ್ಲ. ಹೆರಿಗೆಯಾಗಿ ಎರಡು ತಿಂಗಳಾಗಿತ್ತು. ಮನಸ್ಸು ಕುಗ್ಗಿದ್ದಕ್ಕೆ ಮೂರು ವಾರದಿಂದ ಮಾತ್ರೆ ನುಂಗಿದರೂ ಗುಣ ಕಂಡಿರಲಿಲ್ಲ. ಈಗ ಊಟವನ್ನೂ ಬಿಟ್ಟಿದ್ದಳು. ಮಗು ಅತ್ತರೆ ಗೋಡೆಯ ಕಡೆ ಹೊರಳುತ್ತಿದ್ದಳು. ಆ ಬೆಳಿಗ್ಗೆ ಗಂಡ ದಯಾನಂದನಿಗೆ, "ನಾನು ಇರ್ಬಾರ್ದು ಕಣ್ರೀ" ಎಂದಿದ್ದಳು.

ಅಂದೇ ಆಸ್ಪತ್ರೆಗೆ ಸೇರಿಸಿದರು. ಮನೋವೈದ್ಯೆ ಪ್ರೇಮಲತಾ, "ಮಾತ್ರೆ ಕೆಲಸ ಮಾಡೋವರೆಗೂ ಕಾಯೋಕೆ ಟೈಮಿಲ್ಲ. ಇಸಿಟಿ ಕೊಟ್ರೆ ಬೇಗ ಚೇತರಿಸ್ಕೊಳ್ಳಬಹುದು" ಎಂದರು.

"ಅಂದ್ರೆ ತಲೆಗೆ ಕರೆಂಟ್ ಕೊಡೋದಾ?" ಹಾಗಲವಾಡಿಯಿಂದ ಬಂದಿದ್ದ ಆಶಾಳ ತಂದೆ ಅಡವಿಯಪ್ಪ ಎದ್ದು ನಿಂತರು. "ಬ್ಯಾಡ. ನಲವತ್ತು ವರ್ಷದ ಹಿಂದೆ ನನ್ನ ತಂಗಿಗೆ ಕೊಟ್ಟಿದ್ದನ್ನ ಕಣ್ಣಾರೆ ನೋಡಿದೀನಿ. ಎಚ್ಚರ ಇದ್ದಂಗೇ ಕೊಟ್ರು. ಕಿರುಚ್ತಿದ್ಲು. ನಾಲ್ಕು ಜನ ಅದುಮಿ ಹಿಡ್ಕಂಡಿದ್ವಿ. ಕಾಲು ಹಿಡಿದಿದ್ದು ನಾನೇ."

ಆ ತಂಗಿ ಚಿಕ್ಕಮಾರಮ್ಮ ಪಕ್ಕದಲ್ಲೇ ಇದ್ದರು. ಆಗ ಅವರಿಗೆ ಹತ್ತೊಂಬತ್ತು ವರ್ಷ. ಕಾಯಿಲೆ ವಾಸಿಯಾಗಿತ್ತು. ಆದರೆ 'ಕರೆಂಟ್ ಕೊಡಿಸ್ಕಂಡೋಳು' ಎಂಬ ಹೆಸರು ಅಂಟಿ, ಕುಣಿಗಲ್ ಕಡೆಯ ಸಂಬಂಧ ಮುರಿದುಬಿತ್ತು. ಆಮೇಲೆ ಮದುವೆಯೇ ಆಗಲಿಲ್ಲ. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

"ಹಾಗೆ ಕೊಡೋದಕ್ಕೆ ಈಗ ಕಾನೂನೇ ಬಿಡಲ್ಲ ಯಜಮಾನ್ರೇ" ಎಂದರು ಡಾಕ್ಟರ್. "ಅರಿವಳಿಕೆ ಕೊಟ್ಟು ನಿದ್ದೆ ಬರಿಸ್ತೀವಿ, ಮೈ ಸಡಿಲ ಆಗೋಕೂ ಔಷಧಿ ಇದೆ. ನೋವು ಗೊತ್ತಾಗಲ್ಲ. ಮರೆವು ಮಾತ್ರ ಬರಬಹುದು. ಕೆಲವು ನೆನಪು ವಾಪಸ್ ಬರದೇನೂ ಇರಬಹುದು. ಅದನ್ನ ಮುಚ್ಚಿಡಲ್ಲ."

"ಜನ ಸುಮ್ನಿರ್ತಾರಾ? ಇವ್ಳಿಗೂ ಅದೇ ಹೆಸರು ಬರ್ಲಾ?"

"ಬಂದ್ರೆ ಬರ್ಲಿ ಮಾವ" ಎಂದ ದಯಾನಂದ. "ಇವಳು ಉಳೀಲಿ."

ಮಾತಿಗೆ ಮಾತು ಬೆಳೆಯಿತು. ಚಿಕ್ಕಮಾರಮ್ಮ ಮೆಲ್ಲಗೆ ಕೇಳಿದರು: "ಎಲ್ರೂ ಮಾತಾಡ್ತಿದೀರ. ಆಶಾನ ಕೇಳಿದ್ರಾ?"

"ಅವರು ಒಪ್ಪದೆ ನಾನು ಮಾಡಲ್ಲಮ್ಮ" ಎಂದ ಡಾಕ್ಟರ್, ವಾರ್ಡಿಗೆ ಬಂದು ಎಲ್ಲವನ್ನೂ ಆಶಾಳಿಗೆ ನಿಧಾನವಾಗಿ ವಿವರಿಸಿದರು. ಅರ್ಥವಾಯಿತೇ ಎಂದು ಎರಡೆರಡು ಸಲ ಕೇಳಿದರು.

ಆಶಾ ಅತ್ತೆಯ ಕಡೆ ತಿರುಗಿದಳು. "ನೋವಾಗುತ್ತಾ ಅತ್ತೆ?"

"ನಂಗಾಗಿತ್ತು ಕಣವ್ವ. ನಿಂಗಾಗಲ್ಲ ಅಂತವ್ರೆ. ಬ್ಯಾಡ ಅನ್ನಿಸಿದ್ರೆ ಬ್ಯಾಡ ಅನ್ನು, ನಾನಿದೀನಿ."

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಆಶಾ ಪೆನ್ನಿಗೆ ಕೈ ಚಾಚಿದಳು.

ಮರುದಿನ ಬೆಳಿಗ್ಗೆ ಅವಳನ್ನು ಒಳಗೆ ಕರೆದೊಯ್ದರು. ಬಾಗಿಲಾಚೆ ಬೆಂಚಿನ ಮೇಲೆ ಅಡವಿಯಪ್ಪ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದರು. ಚಿಕ್ಕಮಾರಮ್ಮ ಅವರ ಕೈ ಬಿಡಿಸಿದರು. ಒಳಗಿಂದ ಒಂದು ಸದ್ದೂ ಇರಲಿಲ್ಲ.

ಅಡವಿಯಪ್ಪನ ಕಣ್ಣು ತುಂಬಿತು. "ಅವತ್ತು ನಿನ್ನ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ತಪ್ಪಾಯ್ತು ಕಣಮ್ಮ."

ಚಿಕ್ಕಮಾರಮ್ಮ ಅಣ್ಣನ ಕೈ ಬಿಡಲಿಲ್ಲ.

ದಿನ ಬಿಟ್ಟು ದಿನ ಇಸಿಟಿ ಕೊಟ್ಟರು. ಐದನೆಯ ಸಲದ ನಂತರ ಆಶಾ ತಾನಾಗಿಯೇ ಮಗುವನ್ನು ಕೇಳಿದಳು. ನಾಮಕರಣದ ದಿನ ಅವಳಿಗೆ ನೆನಪಿರಲಿಲ್ಲ. ಫೋಟೋ ನೋಡುತ್ತಾ ಸ್ವಲ್ಪ ಅತ್ತಳು. ಮಾತ್ರೆ ಮುಂದುವರಿಯಿತು.

ತಿಂಗಳಾದ ಮೇಲೆ ಅಣ್ಣತಂಗಿ ಊರಿಗೆ ಹೊರಟರು. ಗುಬ್ಬಿಯಲ್ಲಿ ಬಸ್ಸು ಹತ್ತಿದ ಊರಿನ ಶಿವಮೂರ್ತಿ, "ಏನಡವಿಯಪ್ಪ, ಮಗಳಿಗೆ ಹುಷಾರಿರ್ಲಿಲ್ವಂತೆ?" ಎಂದ.

"ಮನಸ್ಸಿನ ಕಾಯಿಲೆ ಆಗಿತ್ತು" ಎಂದರು ಅಡವಿಯಪ್ಪ, ದನಿ ತಗ್ಗಿಸದೆ. "ಕರೆಂಟ್ ಕೊಡಿಸಿದ್ವಿ. ಮಲಗಿಸಿ ಕೊಡ್ತಾರೆ, ನೋವಿಲ್ಲ. ನಮ್ ಚಿಕ್ಕಮಾರಮ್ಮಂಗೂ ಹಿಂದೆ ಕೊಟ್ಟಿದ್ರು. ಅವಳು ಜೊತೇಲಿದ್ದಿದ್ದಕ್ಕೇ ನಮಗೆಲ್ಲ ಧೈರ್ಯ ಬಂತು."

ಬಸ್ಸಿನಲ್ಲಿ ಒಂದಿಬ್ಬರು ತಿರುಗಿ ನೋಡಿದರು. ಚಿಕ್ಕಮಾರಮ್ಮ ತಲೆ ತಗ್ಗಿಸಲಿಲ್ಲ.