ದುರುಗಣ್ಣನ ಉಡದಾರ

ಪಕ್ಕದ ಮನೆಯ ಬಚ್ಚಲಲ್ಲಿ ನೀರು ಸುರಿಯುವ ಸಪ್ಪಳ ಕೇಳಿದರೆ ಸಾಕು, ಹುಲುಗಮ್ಮನ ಹೊಟ್ಟೆಯೊಳಗೆ ಕೊಳ್ಳಿ ಇಟ್ಟಂತಾಗುತ್ತಿತ್ತು. ಗಾದಿಗನೂರಿನ ಆ ಓಣಿಯಲ್ಲಿ ಎರಡು ಮನೆಗಳ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ಆಚೆ ಪಂಪಾವತಿ ದಿನಾ ಬೆಳಿಗ್ಗೆ ಗಂಡ ಹಂಪೇಶನಿಗೆ ನೀರು ಹಾಕುತ್ತಿದ್ದಳು. ಮೊದಲೆಲ್ಲ ಅವನು ತಾನೇ ಸುರುವಿಕೊಳ್ಳುತ್ತಿದ್ದ. ಪೊಲೀಸರು ಬಿಟ್ಟು ಕಳಿಸಿದ ಮೇಲೆ ಈ ಉಪಚಾರ. 'ಮದುಮಗನಿಗೆ ಎರೆದಂಗ ಎರೀತಾಳ' ಎಂದು ಹುಲುಗಮ್ಮ ಹಲ್ಲು ಕಡಿಯುತ್ತಿದ್ದಳು. ಇದು ಒಳ್ಳೆಯ ಬುದ್ಧಿಯಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೂ ಕಿವಿ ಅತ್ತಲೇ ಹೋಗುತ್ತಿತ್ತು.

ಸಂಡೂರು ಗುಡ್ಡದ ಅದಿರು ಲಾರಿಗಳ ಧೂಳು ತಾಳಲಾರದೆ ಊರವರು ರಸ್ತೆಯಲ್ಲಿ ಕೂತಾಗ ಅವಳ ಗಂಡ ದುರುಗಣ್ಣ, ಹಂಪೇಶ ಇಬ್ಬರೂ ಮುಂದಿದ್ದರು. ನಕ್ಸಲರ ನಂಟಿದೆ ಎಂದು ವಿಶೇಷ ಪಡೆಯವರು ಹಂಪೇಶನನ್ನು ಊರೆಲ್ಲ ನೋಡುತ್ತಿರುವಾಗಲೇ ಎಳೆದೊಯ್ದರು. ಅದೇ ಸಂಜೆ ಪಾಳಿ ಕೆಲಸಕ್ಕೆ ಒಬ್ಬನೇ ಹೋದ ದುರುಗಣ್ಣ ಮನೆಗೆ ಬರಲಿಲ್ಲ. ವಾರ ಕಳೆದು ಹಂಪೇಶ ಬಂದ. ಗಂಡನನ್ನು ಹುಡುಕಿಕೊಡಿ ಎಂದು ಹುಲುಗಮ್ಮ ಅರ್ಜಿ ಹಾಕಿದಾಗ, ದುರುಗಣ್ಣನನ್ನು ನಾವು ಹಿಡಿದೇ ಇಲ್ಲ ಎಂದು ಪೊಲೀಸರು ಧಾರವಾಡದ ಹೈಕೋರ್ಟಿಗೆ ಬರೆದುಕೊಟ್ಟರು. "ನಿಮ್ಮ ಯಜಮಾನ್ರು ಲಾಕಪ್ಪಿನೊಳಗ ಇದ್ರು ಅಂತ ಹೇಳೋರು ಒಬ್ಬರಾದರೂ ಬೇಕ್ರಿ" ಎಂದಿದ್ದಳು ಹೊಸಪೇಟೆಯ ವಕೀಲೆ ಪಲ್ಲವಿ. ಹಂಪೇಶನನ್ನು ಕೇಳಿದರೆ, "ನಾ ನೋಡಿಲ್ಲಕ್ಕ" ಎಂದು ನೆಲ ನೋಡಿದ್ದ.

ಮಳೆಗೆ ಗೋಡೆಯ ಒಂದು ಮೂಲೆ ಕುಸಿಯಿತು. ಮರುದಿನ ಬೂದಿ ಚೆಲ್ಲಲು ಹೋದ ಹುಲುಗಮ್ಮ ಅಲ್ಲಿಂದ ಇಣುಕಿದಳು. ಹಂಪೇಶ ಬಚ್ಚಲ ಕಲ್ಲಿನ ಮೇಲೆ ಕುಂತಿದ್ದ. ಸೊಂಟಕ್ಕೆ ಒದ್ದೆ ಪಂಜೆ, ಅದರ ಮೇಲೆ ಉಡದಾರ, ಉಡದಾರದಲ್ಲಿ ತಾಮ್ರದ ತಾಯತ. ತಾಯತದ ಬಾಯಿಗೆ ಗುಲಾಬಿ ಬಣ್ಣ. ಗಂಡನ ತಾಯತದ ಮುಚ್ಚಳ ಕಳೆದಾಗ ತನ್ನ ನೇಲ್ ಪಾಲಿಶ್ ಸುರಿದು ಅದನ್ನು ಮುಚ್ಚಿದವಳು ಹುಲುಗಮ್ಮನೇ. "ನನಗೂ ಉಗುರುಬಣ್ಣ ಹಚ್ಚಿದೇನ?" ಎಂದು ದುರುಗಣ್ಣ ನಕ್ಕಿದ್ದ.

"ಲೇ ಹಂಪೇಶ, ಯಾರ ಉಡದಾರ ಅದು?"

ಪಂಪಾವತಿ ಚೆಂಬು ಹಿಡಿದು ಅಡ್ಡ ನಿಂತಳು. "ಏನಕ್ಕ, ಜಳಕ ಮಾಡೋ ಗಂಡಸಿನ ಮೈ ನೋಡಾಕ ನಾಚಿಕಿ ಬರಂಗಿಲ್ಲ?"

"ನನ್ನ ಗಂಡನ ಉಡದಾರ ನೋಡಾಕ ನಿನ್ನ ಅಪ್ಪಣಿ ಬೇಕೇನ?"

"ನನ್ನ ಗಂಡ ತಿರುಗಿ ಬಂದಾನಂತ ನಿನಗ ಹೊಟ್ಟಿಕಿಚ್ಚು."

"ಹೌದವಾ, ಹೊಟ್ಟಿಕಿಚ್ಚು! ನೀ ಒಂದೊಂದು ಚೆಂಬು ಹಾಕಿದಾಗೂ ಉರೀತೈತಿ. ಏನೀಗ?"

ಅಷ್ಟರಲ್ಲಿ ರಸ್ತೆಯಲ್ಲಿ ಯಾವುದೋ ಜೀಪು ಗುರ್ರೆಂದಿತು. ಹಂಪೇಶ ಮುದುಡಿಕೊಂಡು, ತಲೆ ಮುಚ್ಚಿಕೊಳ್ಳಲು ಕೈ ಎತ್ತಿದ. ಕೈ ಭುಜದ ಮಟ್ಟಕ್ಕೂ ಏರಲಿಲ್ಲ. ಪೊಲೀಸರು ಹಿಂದಕ್ಕೆ ಕಟ್ಟಿ ತೂಗುಹಾಕಿದ್ದ ತೋಳುಗಳು ಅವು. ಪಂಪಾವತಿ ಬಾಗಿ ತನ್ನ ಸೆರಗಿನಿಂದ ಅವನ ತಲೆ ಮುಚ್ಚಿದಳು. ಹುಲುಗಮ್ಮ ಇಷ್ಟು ದಿನ ಮದುಮಗನ ಉಪಚಾರ ಅಂದುಕೊಂಡದ್ದು ಇದಾಗಿತ್ತು. ಅವಳಿಗೆ ನಾಚಿಕೆಯಾಯಿತು. ಆದರೂ, ಮುಚ್ಚಲು ಇವಳಿಗೊಂದು ತಲೆಯಾದರೂ ಐತಲ್ಲ ಎಂದು ಮತ್ತೆ ಉರಿಯಿತು.

ಜೀಪು ದೂರವಾದ ಮೇಲೆ ಹಂಪೇಶ ಬಾಯಿಬಿಟ್ಟ. "ಲಾಕಪ್ಪಿಗೆ ಹಾಕೋವಾಗ ಉಡದಾರ ಬಿಚ್ಚಿಸ್ತಾರಕ್ಕ, ಉರ್ಲು ಹಾಕ್ಕೋಬಾರದಂತ. ಬಿಡೋವಾಗ ಎಲ್ಲಾರವೂ ಮುಂದ ಒಗೆದ್ರು. ಆರಿಸಿ ನೋಡಾಕ ಬಿಡಲಿಲ್ಲ, ಸಿಕ್ಕಿದ್ದು ಕಟ್ಟಿಕೊಂಡು ಬಂದೆ. ಮನ್ಯಾಗ ನೋಡಿದ್ರ ದುರುಗಣ್ಣಂದು, ಬಿಚ್ಚಿ ಒಗೆಯಾಕ ಮನಸ್ಸು ಬರಲಿಲ್ಲ. ಬಾಜೂ ಕ್ವಾಣ್ಯಾಗ ಅಂವ ಒದರೋದು ಕೇಳ್ತಿತ್ತು. ಆಮ್ಯಾಲ ಕೇಳಲಿಲ್ಲ. ಹೊರಗ ಹೇಳಿದ್ರ ನಿನಗೂ ಅದ ಗತಿ ಅಂದ್ರು."

ಅವನು ಗಂಟು ಬಿಚ್ಚಲು ಹೋದ.

"ಬಿಚ್ಚಬ್ಯಾಡ" ಎಂದಳು ಹುಲುಗಮ್ಮ. "ನನ್ನ ಕೈಯಾಗ ಇದ್ರ ಅದು ಬರೇ ದಾರ. ಎಲ್ಲಿ ಸಿಕ್ತು ಅಂತ ಕೋರ್ಟಿನ್ಯಾಗ ನೀನ ಹೇಳಬೇಕು."

"ಮತ್ತ ನನ್ನ ಹಿಡಕೊಂಡು ಒಯ್ದರ?" ಅವನು ಕೇಳಿದ್ದು ಹೆಂಡತಿಯನ್ನು.

ಪಂಪಾವತಿ ಖಾಲಿ ಚೆಂಬನ್ನು ಕಲ್ಲಿನ ಮೇಲೆ ಬೋರಲು ಹಾಕಿದಳು. "ಜೀಪು ಬಂದಾಗೊಮ್ಮೆ ಹಿಂಗ ಎಷ್ಟು ದಿನ ಮುಚ್ಚಲಿ?" ಎಂದಳು. "ಆದ್ರ ಒಬ್ಬನ್ನ ಕಳಸಂಗಿಲ್ಲ. ನಾನೂ ಬರ್ತೀನಿ."

ಪಲ್ಲವಿ ಹೇಳಿದ ದಿನ ಮೂವರೂ ಧಾರವಾಡದ ಬಸ್ಸು ಹತ್ತಿದರು. ಗಂಡ ಹೆಂಡತಿ ಮುಂದಿನ ಸೀಟಿನಲ್ಲಿ, ಹುಲುಗಮ್ಮ ಹಿಂದೆ. ಕಂಡಕ್ಟರ್ ಹೆಂಗಸರಿಬ್ಬರಿಗೂ ಪುಕ್ಕಟೆ ಟಿಕೆಟ್ ಹರಿದುಕೊಟ್ಟು, ಹಂಪೇಶನಿಂದ ದುಡ್ಡು ತೆಗೆದುಕೊಂಡ. ಗಂಡನ ಟಿಕೆಟ್ಟನ್ನು ಪಂಪಾವತಿ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡದ್ದು ಹುಲುಗಮ್ಮನ ಕಣ್ಣಿಗೆ ಬಿತ್ತು. ಹೊಟ್ಟೆಯಲ್ಲಿ ಅದೇ ಕೊಳ್ಳಿ.

"ನನಗೂ ಒಂದು ಗಂಡಸಿನ ಟಿಕೆಟ್ ಕೊಡಪ್ಪ" ಎಂದಳು, ಪಕ್ಕದ ಖಾಲಿ ಸೀಟಿನ ಮೇಲೆ ಕೈಯಿಟ್ಟು.

"ಎಲ್ಲದಾನಮ್ಮ ಆ ಗಂಡಸು?"

"ಅದನ್ನ ಕೇಳಾಕ ಹೊಂಟೀನಿ."